ಪಿಟೀಲಿನ ದ್ವೀಪದಲ್ಲಿ ಸಿಕ್ಕವರು

ಕೆನಡಾದ ಪೂರ್ವ ಕರಾವಳಿಯಲ್ಲಿ ನೋವಾ ಸ್ಕೋಶಿಯಾ ಎಂಬ ಪ್ರಾಂತ್ಯವಿದೆ. ಅದರ ತುದಿಗಿರುವುದು ಕೇಪ್ ಬ್ರೆಟನ್ ದ್ವೀಪ. 1955ರವರೆಗೆ ಅಲ್ಲಿಗೆ ಹೋಗಲು ದೋಣಿಯೇ ಗತಿಯಾಗಿತ್ತು. ಆ ವರ್ಷದ ಹೊತ್ತಿಗೆ ಪಕ್ಕದ ಗುಡ್ಡವೊಂದನ್ನು ಸಿಡಿಸಿ, ಆ ಬಂಡೆಗಳನ್ನೆಲ್ಲ ಸಮುದ್ರಕ್ಕೆ ಸುರಿದು, ಒಂದೂವರೆ ಕಿಲೋಮೀಟರಿಗೆ ತುಸು ಕಡಿಮೆ ಉದ್ದದ ಒಡ್ಡು ಕಟ್ಟಿ ಮುಗಿಸಿದರು. ಉದ್ಘಾಟನೆಯ ದಿನ ಬ್ಯಾಗ್‌ಪೈಪ್ ಊದುವವರ ದೊಡ್ಡ ದಂಡೇ ಅದರ ಮೇಲೆ ನಡೆದುಹೋಯಿತಂತೆ. ಹ್ಯಾಲಿಫ್ಯಾಕ್ಸ್‌ನಲ್ಲಿರುವ ತಂಗಿಯ ಮನೆಯಿಂದ ಹೊರಟ ನನ್ನ ಬಸ್ಸು ಆ ಒಡ್ಡನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ದಾಟಿಬಿಟ್ಟಿತು.

ಅಲ್ಲಿಂದಾಚೆ ಕಿಟಕಿಯಿಂದ ಮುಖ ತಿರುಗಿಸಲು ಆಗಲಿಲ್ಲ. ಮೇಪಲ್ ಎಲೆ ಕೆಂಪಾಗುತ್ತದೆ ಎಂದು ಓದಿ ಗೊತ್ತಿತ್ತು. ಹೀಗೆ ಗುಡ್ಡಕ್ಕೆ ಗುಡ್ಡವೇ ಹೊತ್ತಿಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ. ಬರ್ಚ್ ಮರಗಳ ಹಳದಿ, ಮೇಪಲ್‌ಗಳ ಕೆಂಪು ಮತ್ತು ಕಿತ್ತಳೆ, ನಡುನಡುವೆ ಬಣ್ಣ ಬಿಟ್ಟುಕೊಡದ ಸ್ಪ್ರೂಸ್‌ಗಳ ಕಡುಹಸಿರು. ಹಗಲು ಬಿಸಿಲು, ರಾತ್ರಿ ಚಳಿ ಎರಡೂ ಹದವಾಗಿ ಸಿಕ್ಕ ವರ್ಷ ಕೆಂಪು ಜೋರಂತೆ. ನಾನು ಹೋದ ವರ್ಷ ಜೋರಾಗಿಯೇ ಇತ್ತು.

ಈ ಎಲೆಗಳ ಬಣ್ಣಕ್ಕೂ ಸಂಗೀತಕ್ಕೂ ಗಂಟುಹಾಕಿದ ಹಬ್ಬವೇ ‘ಕೆಲ್ಟಿಕ್ ಕಲರ್ಸ್’. ಬೇಸಿಗೆಯ ಪ್ರವಾಸಿಗರು ಗಂಟುಮೂಟೆ ಕಟ್ಟಿಕೊಂಡು ಹೋದಮೇಲೆ, ದ್ವೀಪ ಅತ್ಯಂತ ಚೆಂದ ಕಾಣುವ ಅಕ್ಟೋಬರ್‌ನಲ್ಲಿ ಹೋಟೆಲುಗಳು ಖಾಲಿ ಹೊಡೆಯುತ್ತಿದ್ದವು. 1997ರಲ್ಲಿ ಶುರುವಾದ ಈ ಒಂಬತ್ತು ದಿನಗಳ ಉತ್ಸವ ಆ ಚಿತ್ರವನ್ನೇ ಬದಲಾಯಿಸಿತು. ಸಂಗೀತೋತ್ಸವ ಎಂದರೆ ಒಂದು ಮೈದಾನ, ಒಂದು ಪೆಂಡಾಲು, ದೊಡ್ಡ ವೇದಿಕೆ ಎಂದುಕೊಂಡು ಹೋದರೆ ಇಲ್ಲಿ ಕಕ್ಕಾಬಿಕ್ಕಿಯಾಗಬೇಕು. ಸುಮಾರು 10,300 ಚದರ ಕಿಲೋಮೀಟರಿನ ಇಡೀ ದ್ವೀಪವೇ ಇವರ ಮೈದಾನ. ಚರ್ಚು, ಶಾಲೆಯ ಸಭಾಂಗಣ, ಊರ ಸಮುದಾಯ ಭವನ, ಅಗ್ನಿಶಾಮಕ ದಳದ ಹಾಲು, ಲೂಯಿಸ್‌ಬರ್ಗ್‌ನ ಹಳೆಯ ಫ್ರೆಂಚ್ ಕೋಟೆ, ಹೀಗೆ ಎಲ್ಲೆಲ್ಲೋ ಕಛೇರಿಗಳು. ಒಂದರಿಂದ ಇನ್ನೊಂದಕ್ಕೆ ಕೆಲವೊಮ್ಮೆ ಎರಡು ತಾಸಿನ ಹಾದಿ. ಒಂದೂವರೆ ಲಕ್ಷಕ್ಕೂ ಕಡಿಮೆ ಜನರಿರುವ ದ್ವೀಪ ಇಷ್ಟೊಂದು ಊರುಗಳಲ್ಲಿ ಏಕಕಾಲಕ್ಕೆ ಹಬ್ಬ ಹೇಗೆ ನಡೆಸುತ್ತದೆ ಎಂಬುದಕ್ಕೆ ಉತ್ತರ ಆಯಾ ಊರಿನ ಹಾಲಿನ ಬಾಗಿಲಲ್ಲೇ ನಿಂತಿರುತ್ತದೆ: ಟಿಕೆಟ್ ಹರಿಯುವ ಅಜ್ಜ, ಚಹಾ ಬಗ್ಗಿಸುವ ಅಜ್ಜಿ, ಕುರ್ಚಿ ಜೋಡಿಸುವ ಹೈಸ್ಕೂಲು ಹುಡುಗರು. ಯಾರಿಗೂ ಸಂಬಳವಿಲ್ಲ.

ನಾನು ಇಳಿದದ್ದು ಬ್ಯಾಡೆಕ್‌ನಲ್ಲಿ. ದ್ವೀಪದ ನಟ್ಟನಡುವೆ ಹರಡಿಕೊಂಡಿರುವ ಬ್ರಾಡೋರ್ ಎಂಬ ಉಪ್ಪುನೀರಿನ ಸರೋವರದ ದಡದ ಪುಟ್ಟ ಊರು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಲ್ಲಿ ಮನೆ ಮಾಡಿಕೊಂಡಿದ್ದ, 1922ರಲ್ಲಿ ಇಲ್ಲೇ ತೀರಿಕೊಂಡ. 1909ರ ಫೆಬ್ರವರಿಯಲ್ಲಿ ಅವನ ತಂಡದ ‘ಸಿಲ್ವರ್ ಡಾರ್ಟ್’ ವಿಮಾನ ಮೇಲೆದ್ದದ್ದು ಹೆಪ್ಪುಗಟ್ಟಿದ ಇದೇ ನೀರಿನ ಮೇಲಿಂದ. ಇದನ್ನೆಲ್ಲ ತೋರಿಸುವ ಒಳ್ಳೆಯ ಮ್ಯೂಸಿಯಂ ಇದೆಯಂತೆ. ನಾನು ಹೋಗಲಿಲ್ಲ, ಪುರುಸೊತ್ತಾಗಲಿಲ್ಲ.

ನನ್ನ ತಾಪತ್ರಯ ಬೇರೆಯೇ ಇತ್ತು. ಬಸ್ಸು ಹೆದ್ದಾರಿ ಬಿಟ್ಟು ಕದಲುವುದಿಲ್ಲ. ಕಛೇರಿಗಳೆಲ್ಲ ಕಾಡಿನ ಒಳದಾರಿಗಳ ಕೊನೆಯಲ್ಲಿ. ರಸ್ತೆಯ ಬಲಬದಿಯಲ್ಲಿ ಕಾರು ಓಡಿಸುವ ಧೈರ್ಯ ನನಗಿಲ್ಲ. ನಾನು ಇಳಿದುಕೊಂಡಿದ್ದ ಮನೆಯ ಒಡತಿ ಬೆಳಗಿನ ತಿಂಡಿಯ ಮೇಜಿನಲ್ಲಿ ಇದನ್ನು ಕೇಳಿದವಳೇ, ಉಳಿದ ಅತಿಥಿಗಳ ಕಡೆ ತಿರುಗಿ, “ಇವರು ಇಂಡಿಯಾದಿಂದ ಬಂದಿದ್ದಾರೆ, ಇವರಿಗೆ ಕಾರಿಲ್ಲ” ಎಂದು ಘೋಷಿಸಿಬಿಟ್ಟಳು. ನಾಚಿಕೆಯಿಂದ ತಟ್ಟೆ ನೋಡುತ್ತ ಕೂತೆ. ಎದುರಿಗಿದ್ದ ಬಿಳಿಗೂದಲ ಹೆಂಗಸು ರೊಟ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸದೆಯೇ, “ನಮ್ಮ ಕಾರಿನ ಹಿಂದಿನ ಸೀಟು ಖಾಲಿ. ಆದರೆ ನಾವು ಹೋದಲ್ಲಿಗೇ ಬರಬೇಕು” ಎಂದರು.

ಅಷ್ಟೇ. ಮುಂದಿನ ಒಂದು ವಾರ ನಾನು ಅವರು ಹೋದಲ್ಲಿಗೇ ಹೋದೆ.

ಆಕೆ ಬಾಸ್ಟನ್ ಬಳಿಯ ವಾಲ್ತಮ್‌ನವರು, ನರ್ಸ್ ಆಗಿ ನಿವೃತ್ತರು. ಅವರ ಅಜ್ಜಿ ಇದೇ ದ್ವೀಪದ ಇನ್ವರ್ನೆಸ್ ಸೀಮೆಯಿಂದ ಬಾಸ್ಟನ್ನಿಗೆ ಮನೆಗೆಲಸಕ್ಕೆಂದು ಹೋದವಳು. ಆ ಕಾಲದಲ್ಲಿ ಇಲ್ಲಿನ ಸಾವಿರಾರು ಜನ ಹೊಟ್ಟೆಪಾಡಿಗೆ ಹಾಗೆ ದಕ್ಷಿಣಕ್ಕೆ ಹೋದರು. ವಾಲ್ತಮ್‌ ಪಕ್ಕದ ವಾಟರ್‌ಟೌನ್‌ನಲ್ಲಿ ಅವರ ಮಕ್ಕಳು, ಮೊಮ್ಮಕ್ಕಳು ಸೇರುವ ಕ್ಲಬ್ಬಿದೆ, ಅಲ್ಲಿ ಈಗಲೂ ಕೇಪ್ ಬ್ರೆಟನ್ ಪಿಟೀಲಿಗೆ ಕುಣಿಯುತ್ತಾರೆ. ಕಾರು ಓಡಿಸುತ್ತಿದ್ದವರು ಗ್ಲಾಸ್ಗೋದ ನಿವೃತ್ತ ಬಸ್ ಡ್ರೈವರ್. ಗಂಡ ಹೆಂಡತಿ ಇರಬೇಕೆಂದುಕೊಂಡೆ. ಅಲ್ಲವೇ ಅಲ್ಲ. ಎಷ್ಟೋ ವರ್ಷಗಳ ಹಿಂದೆ ಇದೇ ಹಬ್ಬದಲ್ಲಿ, ಒಂದು ಚರ್ಚಿನ ಬೆಂಚಿನ ಮೇಲೆ, ಪಕ್ಕಪಕ್ಕ ಕೂತು ಪರಿಚಯವಾದವರು. ಆತನಿಗೆ ಕೆಮ್ಮು ಹತ್ತಿತ್ತು. ಈಕೆ ಪರ್ಸಿನಿಂದ ಕೆಮ್ಮಿನ ಪೆಪ್ಪರ್‌ಮಿಂಟ್ ತೆಗೆದುಕೊಟ್ಟಿದ್ದರು. ಅಂದಿನಿಂದ ಪ್ರತಿ ಅಕ್ಟೋಬರ್‌ಗೆ ಆತ ಅಟ್ಲಾಂಟಿಕ್ ದಾಟಿ ಬರುತ್ತಾರೆ. ಜನವರಿಯಲ್ಲಿ ಈಕೆ ಗ್ಲಾಸ್ಗೋಗೆ ಹೋಗುತ್ತಾರೆ. ಅಲ್ಲಿ 1994ರಿಂದ ‘ಕೆಲ್ಟಿಕ್ ಕನೆಕ್ಷನ್ಸ್’ ಎಂಬ ಇನ್ನೂ ದೊಡ್ಡ ಚಳಿಗಾಲದ ಉತ್ಸವ ನಡೆಯುತ್ತದೆ. ವರ್ಷಕ್ಕೆ ಎರಡು ಸಲ ಭೇಟಿ, ನಡುವೆ ಕ್ರಿಸ್‌ಮಸ್ ಕಾರ್ಡು. ಇಬ್ಬರಿಗೂ ಬೇರೆ ಸಂಸಾರಗಳಿವೆ, ಎರಡು ಸಂಸಾರಕ್ಕೂ ಈ ಸಂಗೀತ ಎಂದರೆ ಅಷ್ಟಕ್ಕಷ್ಟೆ.

ಟಿಕೆಟ್ ಕೊಳ್ಳುವ ವಿಷಯದಲ್ಲಿ ಇವರಿಬ್ಬರ ಕಾನೂನು ಒಂದೇ. ಬ್ಯಾಂಡಿನ ಹೆಸರು ನೋಡಬಾರದು, ಹಾಲಿನ ಹೆಸರು ನೋಡಬೇಕು. ಹಾಲು ಚಿಕ್ಕದಾದಷ್ಟೂ ಒಳ್ಳೆಯದು. ಯಾವ ಬ್ಯಾಂಡು ಕೇಳಬೇಕು ಎಂಬುದನ್ನು ಚಹಾ ವಿರಾಮದಲ್ಲಿ ಪಕ್ಕದವರು ತಾವಾಗಿಯೇ ಹೇಳುತ್ತಾರೆ.

ಮೊದಲ ಸಂಜೆ ಅಗ್ನಿಶಾಮಕ ದಳದ ಹಾಲು. ಬೆಂಕಿ ಆರಿಸುವ ಎಂಜಿನ್ನುಗಳು ಹೊರಗೆ ಮಳೆಯಲ್ಲಿ ನಿಂತಿದ್ದವು. ಒಳಗೆ ಮಡಚುವ ಕುರ್ಚಿಗಳು, ಗೋಡೆಗೆ ಹಳೆಯ ಕ್ಯಾಪ್ಟನ್‌ಗಳ ಫೋಟೊ, ಬಾಗಿಲಲ್ಲಿ ಲಾಟರಿ ಚೀಟಿ ಮಾರುವ ಹುಡುಗಿ: ಕೂಡಿದ ದುಡ್ಡಿನಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಹಾಲಿನ ರಿಪೇರಿಗೆ. ವೇದಿಕೆಯ ಮೇಲೆ ಒಂದು ಪಿಯಾನೊ, ಒಂದು ಸಾದಾ ಕುರ್ಚಿ, ಕುರ್ಚಿಯ ಮುಂದೆ ನೆಲದ ಮೇಲೊಂದು ಪ್ಲೈವುಡ್ ಹಲಗೆ. ಹಲಗೆಗೂ ಒಂದು ಮೈಕು. ಇದೇಕೆ ಎಂದು ಕೇಳುವಷ್ಟರಲ್ಲಿ ಪಿಟೀಲಿನವರು ಬಂದು ಕೂತರು, ಅವರ ಬೂಟು ಶುರುಮಾಡಿತು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಆ ಹಲಗೆಯೇ ಇವರ ಮೃದಂಗ.

ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ಜೂನಿಯರ್ ಪರೀಕ್ಷೆಯವರೆಗೆ ಪಿಟೀಲು ಕಲಿತವಳು ನಾನು. ಹಾಗಾಗಿ ಕಣ್ಣು ಹೋದದ್ದು ಕಮಾನಿನ ಮೇಲೆ. ನಮ್ಮಲ್ಲಿ ಒಂದು ಎಳೆತದಲ್ಲಿ ಎಷ್ಟೋ ಸ್ವರ, ಗಮಕ, ಜಾರು. ಇಲ್ಲಿ ಕಮಾನು ಅಂಗೈ ಉದ್ದ ಹೋಗಿ ವಾಪಸು ಬರುತ್ತದೆ. ಹೆಚ್ಚುಕಡಿಮೆ ಸ್ವರಕ್ಕೊಂದು ಹೊಡೆತ. ನಡುವೆ ಒಂದೇ ಸ್ವರವನ್ನು ಮೂರು ಸಲ ಚಕಚಕನೆ ಕೊಚ್ಚುತ್ತಾರೆ. ಬ್ಯಾಗ್‌ಪೈಪಿನ ಅಲಂಕಾರಗಳನ್ನು ತಂತಿಗೆ ಇಳಿಸಿಕೊಂಡ ಉಪಾಯವಿದು. ಮೊದಲು ನಿಧಾನದ ಒಂದು ಹಾಡಿನ ಧಾಟಿ, ಆಮೇಲೆ ಮಾರ್ಚ್, ಆಮೇಲೆ ತೂಗಿ ತೂಗಿ ಎಗರುವ ಸ್ಟ್ರಾತ್‌ಸ್ಪೇ, ಅಲ್ಲಿಂದ ಉಸಿರು ತೆಗೆದುಕೊಳ್ಳದೆ ರೀಲ್‌ಗೆ ನೆಗೆತ. ಆ ನೆಗೆತದ ಕ್ಷಣದಲ್ಲಿ ಇಡೀ ಹಾಲು ‘ಹೂ’ ಎಂದು ಕೂಗಿತು. ಪಿಯಾನೊ ನುಡಿಸುತ್ತಿದ್ದ ಹುಡುಗಿ ಎಡಗೈಯಲ್ಲಿ ಮಂದ್ರದ ಸ್ವರಗಳನ್ನು ನಡೆಸುತ್ತ, ಬಲಗೈಯಲ್ಲಿ ತಾಳ ತಪ್ಪಿಸಿ ತಪ್ಪಿಸಿ ಹೊಡೆಯುತ್ತಿದ್ದಳು. ಪಕ್ಕವಾದ್ಯ ಎಂದು ಅದನ್ನು ಕರೆಯಲು ನನಗೆ ಮನಸ್ಸಿಲ್ಲ. ಪಿಟೀಲನ್ನು ಬೆನ್ನಿಗೆ ಕೈಕೊಟ್ಟು ಮುಂದಕ್ಕೆ ದೂಡುತ್ತಿದ್ದವಳು ಅವಳೇ.

ವಿರಾಮದಲ್ಲಿ ಚಹಾ, ಓಟ್ಸ್ ಬಿಸ್ಕತ್ತು. ಮೇಜಿನ ಹಿಂದಿದ್ದ ಅಜ್ಜಿ ನನ್ನನ್ನು ದಿಟ್ಟಿಸಿ ನೋಡಿ, “ನಿನ್ನ ಅಪ್ಪ ಯಾರು?” ಎಂದರು. ಬೆಚ್ಚಿಬಿದ್ದೆ. ವಾಲ್ತಮ್ ಅಕ್ಕ ನಕ್ಕು ವಿವರಿಸಿದರು: ಇಲ್ಲಿ ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆಯೇ ಇದು. ಊರಿಗೆ ಊರೇ ಮ್ಯಾಕ್‌ಡೊನಾಲ್ಡ್, ಮ್ಯಾಕ್‌ನೀಲ್, ಮ್ಯಾಕ್‌ಲೀನ್ ಆಗಿರುವಾಗ ಹೆಸರು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಎಳೆ ಹಿಡಿದು ಹೋಗಬೇಕು. ನಾನು ಅಪ್ಪನ ಹೆಸರು ಹೇಳಿ, ಮೈಸೂರಲ್ಲಿ ಮೇಷ್ಟರಾಗಿದ್ದರು ಎಂದೆ. ಅಜ್ಜಿಗೆ ಸಮಾಧಾನವಾಯಿತು. ಆಮೇಲೆ ಚಹಾಕ್ಕೆ ಬಂದವರಿಗೆಲ್ಲ ನನ್ನನ್ನು “ಇವಳು ಮೇಷ್ಟರ ಮಗಳು” ಎಂದೇ ಪರಿಚಯಿಸಿದರು. ಯಾವ ಊರ ಮೇಷ್ಟರು ಎಂದು ಒಬ್ಬರೂ ಕೇಳಲಿಲ್ಲ.

ಈ ಸಂಗೀತ ಇಲ್ಲಿಗೆ ಬಂದದ್ದು ಸ್ಕಾಟ್ಲೆಂಡಿನಿಂದ. ಹೈಲ್ಯಾಂಡ್ಸ್‌ನ ಜಮೀನ್ದಾರರು ಕುರಿ ಸಾಕಣೆಗೆ ಜಾಗ ಬೇಕೆಂದು ಗೇಣಿದಾರರನ್ನು ಎಬ್ಬಿಸಿದಾಗ, ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಸಾವಿರಾರು ಕುಟುಂಬಗಳು ಹಡಗು ಹತ್ತಿ ಬಂದವು. ಗೇಲಿಕ್ ಭಾಷೆ, ಕುಣಿತ, ಪಿಟೀಲು ಜೊತೆಗೆ ಬಂದವು. ಅಲ್ಲಿ ಕಾಲ ಕಳೆದಂತೆ ಆ ಶೈಲಿ ನಯವಾಗುತ್ತ ಹೋಯಿತು. ಇಲ್ಲಿ ಕಾಡಿನ ನಡುವೆ, ಕುಣಿಯುವವರ ಕಾಲಿಗೆ ಕಟ್ಟುಬಿದ್ದು ಉಳಿಯಿತು. ಹಗಲೆಲ್ಲ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ, ರಾತ್ರಿ ಊರೂರು ಸುತ್ತಿ ಕುಣಿತಕ್ಕೆ ಪಿಟೀಲು, ಹೀಗೆ ಬದುಕಿದ ಜುಡೀಕ್ ಊರಿನ ಬಡ್ಡಿ ಮ್ಯಾಕ್‌ಮಾಸ್ಟರ್ ತನ್ನ ಮೊದಲ ಸ್ವಂತ ಆಲ್ಬಮ್ ತಂದದ್ದು 1989ರಲ್ಲಿ, ಅರವತ್ತು ದಾಟಿದ ಮೇಲೆ. ಅವನನ್ನೇ ಮುಂದೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಗೇಲಿಕ್ ಕಾಲೇಜಿಗೆ ಕರೆಸಿ ಪಾಠ ಹೇಳಿಸಿಕೊಂಡರು. ಕಳೆದುಕೊಂಡವರು ಹೀಗೆ ಸಾಗರದಾಚೆಯಿಂದ ವಾಪಸು ಪಡೆದುಕೊಂಡರು. 2014ರಲ್ಲಿ ಅವನು ತೀರಿಕೊಂಡ. ಅವನ ತಮ್ಮನ ಮಗಳು ನ್ಯಾಟಲಿ ಮ್ಯಾಕ್‌ಮಾಸ್ಟರ್ ಇವತ್ತು ಜಗತ್ತು ಬಲ್ಲ ಪಿಟೀಲುಗಾರ್ತಿ.

ಹಾಗೆಂದು ಎಲ್ಲ ಸುಸೂತ್ರವಾಗಿ ನಡೆಯಲಿಲ್ಲ. 1970ರ ದಶಕದ ಆರಂಭದಲ್ಲಿ ಕೆನಡಾದ ಸರ್ಕಾರಿ ಟಿ.ವಿ. ಸಿಬಿಸಿ, ಕೇಪ್ ಬ್ರೆಟನ್ ಪಿಟೀಲುಗಾರರು ಕಣ್ಮರೆಯಾಗುತ್ತಿದ್ದಾರೆ ಎಂಬ ಸಾಕ್ಷ್ಯಚಿತ್ರ ತೋರಿಸಿತು. ಹುಡುಗರಿಗೆ ಗಿಟಾರ್ ಬೇಕು, ಪಿಟೀಲು ಮುದುಕರ ಪಾಲು, ಇನ್ನು ಇದರ ಕತೆ ಮುಗಿಯಿತು ಎಂಬುದು ಅದರ ಸಾರಾಂಶ. ದ್ವೀಪಕ್ಕೆ ಸಿಟ್ಟು ಬಂತು. 1973ರಲ್ಲಿ ಗ್ಲೆಂಡೇಲ್ ಎಂಬ ಹಳ್ಳಿಯಲ್ಲಿ, ಅಲ್ಲಿನ ಪಾದ್ರಿ ಜಾನ್ ಆಂಗಸ್ ರ‍್ಯಾಂಕಿನ್ ಮುಂದೆ ನಿಂತು, ನೂರಕ್ಕೂ ಹೆಚ್ಚು ಪಿಟೀಲುಗಾರರನ್ನು ಒಂದೇ ವೇದಿಕೆ ಹತ್ತಿಸಿದರು. ಮಕ್ಕಳಿಗೆ ಪಾಠ ಶುರುವಾಯಿತು. ಇವತ್ತು ವೇದಿಕೆಯ ಮೇಲಿರುವ ನಡುವಯಸ್ಸಿನವರಲ್ಲಿ ಎಷ್ಟೋ ಜನ ಆ ಸಿಟ್ಟಿನ ಫಲ. ಸಾವಿನ ಸುದ್ದಿ ಮುಂಚಿತವಾಗಿ ಪ್ರಸಾರವಾದದ್ದರಿಂದ ಬದುಕಿದ ಕಲೆ ಬೇರೆ ಯಾವುದಾದರೂ ಇದೆಯೋ ನನಗೆ ಗೊತ್ತಿಲ್ಲ.

ನನ್ನ ಪಾಲಿಗೆ ಇಡೀ ಪ್ರವಾಸದಲ್ಲಿ ಮೈನಡುಗಿಸಿದ್ದು ಮಾತ್ರ ಪಿಟೀಲಲ್ಲ. ಒಂದು ಸಂಜೆ ಹಾಲಿನ ದೀಪಗಳೆಲ್ಲ ಆರಿದವು. ಕತ್ತಲು. ಹಿಂದಿನ ಬಾಗಿಲಿಂದ ಒಂದು ಪುಟ್ಟ ಬೆಳಕು, ಅದರ ಹಿಂದೆ ಇನ್ನೊಂದು, ಮತ್ತೊಂದು. ಕುರ್ಚಿಗಳ ನಡುವಿನ ಓಣಿಯಲ್ಲಿ ಸಾಲಾಗಿ ನಡೆದು ಬಂದರು, ಗಣಿಯ ಹೆಲ್ಮೆಟ್ಟು ತೊಟ್ಟವರು, ಹಣೆಯ ಮೇಲಿನ ದೀಪ ಮಾತ್ರ ಉರಿಯುತ್ತ. ನನ್ನ ಪಕ್ಕ ಹಾದುಹೋದವರ ಕೈ ಕಂಡಿತು: ಬೆರಳ ಗೆಣ್ಣುಗಳಲ್ಲಿ ಗಾಯ ಮಾಯ್ದ ಕಲೆಗಳು, ಕಲೆಗಳೊಳಗೆ ನೀಲಿ. ಕಲ್ಲಿದ್ದಲ ಪುಡಿ ಗಾಯದೊಳಗೆ ಸೇರಿಕೊಂಡರೆ ಆ ನೀಲಿ ಹೋಗುವುದಿಲ್ಲವಂತೆ. ಇವರು ‘ಮೆನ್ ಆಫ್ ದ ಡೀಪ್ಸ್’, ಗಣಿ ಕಾರ್ಮಿಕರದೇ ಗಾಯನವೃಂದ. 1966ರಲ್ಲಿ, ಕೆನಡಾ ದೇಶದ ನೂರನೇ ವರ್ಷಕ್ಕೆಂದು ಕಟ್ಟಿದ್ದು. 1976ರಲ್ಲಿ ಚೀನಾಕ್ಕೆ ಹೋಗಿ ಹಾಡಿ ಬಂದವರು. ಸೇರಬೇಕಾದರೆ ಗಣಿಯಲ್ಲಿ ದುಡಿದಿರಬೇಕು ಎಂಬುದು ನಿಯಮ. ಇಲ್ಲಿನ ಕಲ್ಲಿದ್ದಲ ಸುರಂಗಗಳು ಅಟ್ಲಾಂಟಿಕ್ ಸಮುದ್ರದ ತಳದ ಕೆಳಗೆ ಹೋಗುತ್ತಿದ್ದವು. ಸರ್ಕಾರಿ ಒಡೆತನದ ಕೊನೆಯ ಗಣಿ ಮುಚ್ಚಿದ್ದು 2001ರಲ್ಲಿ. ನಮ್ಮ ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದದ್ದೂ ಅದೇ ವರ್ಷ. ಕೆಜಿಎಫ್‌ನಲ್ಲೂ ಹಾಡುವವರಿದ್ದರು, ನಾಟಕದವರಿದ್ದರು. ನಾವು ಅವರನ್ನು ಸೇರಿಸಿ ಹೀಗೊಂದು ವೃಂದ ಕಟ್ಟಬಹುದಿತ್ತಲ್ಲ ಎಂದು ಆ ಕತ್ತಲಲ್ಲಿ ಕೂತು ಹೊಟ್ಟೆಯುರಿಯಿತು. ಗ್ಲಾಸ್ಗೋದ ಡ್ರೈವರ್ ಅಣ್ಣ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರ ಅಪ್ಪನೂ ಲಾನಾರ್ಕ್‌ಶೈರಿನ ಕಲ್ಲಿದ್ದಲ ಗಣಿಯವರೇ ಎಂದು ನನಗೆ ತಿಳಿದದ್ದು ಆಗ.

ಐಯೋನಾ ಎಂಬಲ್ಲಿ ಸರೋವರದ ಮೇಲಿನ ಗುಡ್ಡದಲ್ಲಿ ಹೈಲ್ಯಾಂಡ್ ವಿಲೇಜ್ ಎಂಬ ಬಯಲು ಮ್ಯೂಸಿಯಂ ಇದೆ. ಅಲ್ಲಿ ಉಣ್ಣೆಯ ಬಟ್ಟೆ ಬಡಿಯುವ ಆಟಕ್ಕೆ ಕರೆದೊಯ್ದರು. ಮಗ್ಗದಿಂದ ಇಳಿದ ಉಣ್ಣೆ ಬಟ್ಟೆ ಬಿಗಿಯಾಗಿ ದಪ್ಪವಾಗಬೇಕಾದರೆ ಅದನ್ನು ನೆನೆಸಿ ಗಂಟೆಗಟ್ಟಲೆ ಬಡಿಯಬೇಕು. ಉದ್ದನೆಯ ಮೇಜಿನ ಸುತ್ತ ಕೂತು, ಒದ್ದೆ ಕಂಬಳಿಯನ್ನು ಮೇಜಿಗೆ ಅಪ್ಪಳಿಸಿ, ಎಳೆದು, ಪಕ್ಕದವರಿಗೆ ದಾಟಿಸುತ್ತ, ಆ ಬಡಿತಕ್ಕೆ ಗೇಲಿಕ್ ಹಾಡು ಹೇಳುತ್ತಾರೆ. ಒಬ್ಬರು ಸಾಲು ಎತ್ತಿಕೊಟ್ಟರೆ ಉಳಿದವರು ಪಲ್ಲವಿ. ನಮ್ಮ ಹೆಂಗಸರ ಬೀಸುವ ಕಲ್ಲಿನ ಪದಗಳ ಕಸುಬೇ ಇದು, ಕಲ್ಲಿನ ಬದಲು ಕಂಬಳಿ. ಬಂದವರೆಲ್ಲ ಕೂರಬಹುದು. ನನ್ನ ಎಡಕ್ಕೆ ಹನ್ನೆರಡರ ಹುಡುಗ, ಬಲಕ್ಕೆ ಎಂಬತ್ತು ದಾಟಿದ ಅಜ್ಜ. ಭಾಷೆ ಒಂದಕ್ಷರ ತಿಳಿಯದಿದ್ದರೂ ಮೂರನೇ ಸುತ್ತಿಗೆ ಪಲ್ಲವಿ ಬಾಯಿಗೆ ಬಂತು. ಇಲ್ಲಿ ಗೇಲಿಕ್ ಮಾತಾಡಿದರೆ ಮಕ್ಕಳಿಗೆ ಶಾಲೆಯಲ್ಲಿ ಪೆಟ್ಟು ಬೀಳುತ್ತಿದ್ದ ಕಾಲವಿತ್ತು. ಅಜ್ಜ ಆ ಪೆಟ್ಟು ತಿಂದವರ ಮಗ. ಹುಡುಗ ಅದೇ ಭಾಷೆಯನ್ನು ಶಾಲೆಯಲ್ಲೇ ಕಲಿಯುತ್ತಿರುವವನು.

ಊಟದ ವಿಷಯ ಹೇಳಿಬಿಡುತ್ತೇನೆ. ಊರ ಹಾಲುಗಳಲ್ಲಿ ಸಾಮೂಹಿಕ ಭೋಜನ ಈ ಹಬ್ಬದ ದೊಡ್ಡ ಸಂಭ್ರಮ. ಆದರೆ ಸೂಪಿನಲ್ಲಿ ಮೀನು, ತಟ್ಟೆಯಲ್ಲಿ ಟರ್ಕಿ, ಬೀನ್ಸ್ ಎಂದು ಆಸೆಯಿಂದ ಚಮಚ ಹಾಕಿದರೆ ಅದರಲ್ಲೂ ಹಂದಿಮಾಂಸದ ತುಣುಕು. “ಮೀನೂ ತಿನ್ನಲ್ವಾ?” ಎಂದು ಬಡಿಸುವವರು ನಿಜವಾಗಿಯೂ ನೊಂದುಕೊಂಡರು. ಆಲೂಗಡ್ಡೆ, ಬೆಣ್ಣೆ, ಓಟ್ಸ್ ಬಿಸ್ಕತ್ತುಗಳ ಮೇಲೆ ಬದುಕಿ ಬಂದೆ. ತೂಕವೇನೂ ಇಳಿಯಲಿಲ್ಲ.

ಸಂಜೆಯ ಕಛೇರಿಗಳು ಮುಗಿದ ಮೇಲೆ ಸೇಂಟ್ ಆನ್ಸ್‌ನ ಗೇಲಿಕ್ ಕಾಲೇಜಿನಲ್ಲಿ ಫೆಸ್ಟಿವಲ್ ಕ್ಲಬ್ ತೆರೆಯುತ್ತದೆ. ದ್ವೀಪದ ಮೂಲೆಮೂಲೆಯಲ್ಲಿ ನುಡಿಸಿ ಮುಗಿಸಿದವರೆಲ್ಲ ರಾತ್ರಿ ಅಲ್ಲಿಗೆ ಬರುತ್ತಾರೆ. ಯಾರು ನುಡಿಸುತ್ತಾರೆ ಎಂದು ಮೊದಲೇ ಪ್ರಕಟಿಸುವುದಿಲ್ಲ, ಮುಗಿಯುವುದು ನಸುಕಿಗೆ. ‘ಬ್ಯೋಲಾಖ್’ ತಂಡವನ್ನು ಕೇಳಿ ನಾನು ಮರುಳಾದದ್ದು ಅಲ್ಲಿ. ವೆಂಡಿ ಮ್ಯಾಕ್‌ಐಸಾಕ್ ಮತ್ತು ಮಾರಿ ರ‍್ಯಾಂಕಿನ್ ಇಬ್ಬರ ಪಿಟೀಲು, ಮ್ಯಾಕ್ ಮೋರಿನ್‌ರ ಪಿಯಾನೊ, ಮ್ಯಾಟ್ ಮ್ಯಾಕ್‌ಐಸಾಕ್‌ರ ಪೈಪು. ಎರಡು ಪಿಟೀಲು ಒಂದೇ ಧಾಟಿಯನ್ನು ನುಡಿಸುವಾಗ ಕೂದಲೆಳೆಯಷ್ಟು ಬೇರೆಯಾಗಿ ಮತ್ತೆ ಕೂಡುವ ಸುಖಕ್ಕೆ ನನಗೆ ಹೆಸರು ತೋಚುವುದಿಲ್ಲ. ‘ಡೈವ್’ ಎಂಬ ಸ್ಕಾಟ್ಲೆಂಡಿನ ತಂಡವನ್ನು ಡ್ರೈವರ್ ಅಣ್ಣ ಒತ್ತಾಯ ಮಾಡಿ ಕೇಳಿಸಿದರು. ಅದರ ಪೈಪರ್ ಆಂಗಸ್ ಮ್ಯಾಕೆಂಜಿ ಇದೇ ದ್ವೀಪದ ಮಬೂ ಊರಿನವರು, ಪೂರ್ವಜರು ಬಿಟ್ಟುಬಂದ ನೆಲಕ್ಕೇ ತಿರುಗಿ ಹೋಗಿ ನೆಲೆಸಿದವರು. ‘ಕೋಯಿಗ್’ ಎಂಬ ಇಲ್ಲಿನ ತಂಡವಂತೂ ಹುಟ್ಟಿದ್ದೇ ಈ ಹಬ್ಬದ ಪ್ರಚಾರಕ್ಕೆಂದು ಒಂದು ಸಲ ಒಟ್ಟಿಗೆ ನುಡಿಸಲು ಹೋಗಿ. ಡ್ರಮ್ಮು, ಬ್ಯಾಸ್ ಗಿಟಾರು ಸೇರಿಸಿಕೊಂಡು ಎದೆ ಅದುರಿಸುವ ಬ್ಯಾಂಡುಗಳೂ ಬಂದಿದ್ದವು. ಹುಡುಗರು ಕುಣಿದರು. ನನಗೆ ರುಚಿಸಲಿಲ್ಲ. ಒಂದು ಪಿಟೀಲು, ಒಂದು ಪಿಯಾನೊ, ಒಂದು ಜೊತೆ ಬೂಟು ಇದ್ದಮೇಲೆ ಡ್ರಮ್ಮಿಗೆ ಏನು ಕೆಲಸ?

ಇನ್ನೊಂದು ಬೆಳಗ್ಗೆ ವಾಲ್ತಮ್ ಅಕ್ಕನ ದೂರದ ನೆಂಟರ ಮನೆಗೆ ಹೋದೆವು. ಈ ದ್ವೀಪದಲ್ಲಿ ನೆಂಟರು, ಗೆಳೆಯರು ಕೂಡುವುದು ಅಡುಗೆಮನೆಯಲ್ಲಿ. ಒಲೆಯ ಪಕ್ಕ ಮನೆಯ ಯಜಮಾನರು ಪಿಟೀಲು ತೆಗೆದು ಶ್ರುತಿ ಮಾಡತೊಡಗಿದರು. ಕೆಳಗಿನ ಎರಡು ತಂತಿಗಳ ಬಿರಡೆ ತಿರುಗಿಸಿ ಒಂದೊಂದು ಸ್ವರ ಮೇಲಕ್ಕೇರಿಸಿದರು. ಕೆಲವು ಹಳೆಯ ಧಾಟಿಗಳಿಗೆ ಹೀಗೇ ಮಾಡಬೇಕು, ಆಗ ತೆರೆದ ತಂತಿಗಳೆಲ್ಲ ಪೈಪಿನ ಹಾಗೆ ಝೇಂಕರಿಸುತ್ತವೆ ಎಂದರು. ಕಮಾನು ನಾಲ್ಕೂ ತಂತಿಗಳ ಮೇಲೆ ಹಾದುಹೋಯಿತು. ನನ್ನ ಕೈಲಿದ್ದ ಚಹಾ ತುಳುಕಿತು. ಸ, ಪ, ಸ, ಪ! ಮೈಸೂರಿನಲ್ಲಿ ನಮ್ಮ ಮೇಷ್ಟರು ಪಾಠಕ್ಕೆ ಮುಂಚೆ ಮಾಡಿಕೊಡುತ್ತಿದ್ದ ಶ್ರುತಿ ಅಕ್ಷರಶಃ ಇದೇ.

ಹಾಗೆಂದದ್ದೇ ತಡ, ಪಿಟೀಲು ನನ್ನ ಕೈಗೆ ಬಂತು. ಎಷ್ಟು ವರ್ಷಗಳಾಗಿದ್ದವೋ ಮುಟ್ಟಿ. ಕುರ್ಚಿಯಲ್ಲಿ ಕೂತು ಗಲ್ಲದಡಿ ಹಿಡಿಯುವುದು ನನಗೆ ಬಾರದು. ಅಡುಗೆಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಬಲಗಾಲು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಹಿಮ್ಮಡಿಗೆ ಊರಿಕೊಂಡೆ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಕೈಗೆ ಬಂದದ್ದು ಮಕ್ಕಳಿಗೆ ಹೇಳಿಕೊಡುವ ನೊಟ್ಟುಸ್ವರ, ಮುತ್ತುಸ್ವಾಮಿ ದೀಕ್ಷಿತರ ‘ವಂದೇ ಮೀನಾಕ್ಷಿ’. ಎರಡನೇ ಸಾಲಿಗೆ ಬರುವಷ್ಟರಲ್ಲಿ ಒಂದು ಬೂಟು ನೆಲಕ್ಕೆ ಹೊಡೆಯತೊಡಗಿತು. ಮೂರನೆಯದಕ್ಕೆ ಮನೆಯಾಕೆ ಪಕ್ಕದ ಕೋಣೆಯಿಂದಲೇ ಪಿಯಾನೊ ಸೇರಿಸಿದರು. ‘ರೇಕ್ಸ್ ಆಫ್ ಮ್ಯಾಲೋ’ ಎಂದು ಯಾರೋ ಕೂಗಿದರು. ಮದರಾಸಿನ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡು ನುಡಿಸುತ್ತಿದ್ದ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಬರೆದದ್ದು, ಅವರ ತಮ್ಮ ಬಾಲುಸ್ವಾಮಿ ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದದ್ದು ಓದಿ ತಿಳಿದಿದ್ದೆ. ಓದಿದ್ದು ಹೀಗೆ ಎದುರಿಗೆ ಬಂದು ಬೂಟು ಕುಟ್ಟುತ್ತದೆ ಎಂದುಕೊಂಡಿರಲಿಲ್ಲ. 1835ರಲ್ಲಿ ದೀಕ್ಷಿತರು ತೀರಿಕೊಳ್ಳುವ ಹೊತ್ತಿಗೆ ಈ ದ್ವೀಪಕ್ಕೆ ಹಡಗುಗಳು ಇನ್ನೂ ಬರುತ್ತಲೇ ಇದ್ದವು.

ನನ್ನ ಗಂಟಲು ಕಟ್ಟಿತ್ತು. ಯಜಮಾನರು ಪಿಟೀಲು ವಾಪಸು ಇಸಿದುಕೊಂಡು, “ಚೆನ್ನಾಗಿದೆ. ಆದರೆ ಅದು ಐರಿಷ್‌ನವರದ್ದು, ನಮ್ಮದಲ್ಲ” ಎಂದರು. ಆಮೇಲೆ ಊಟದವರೆಗೆ ತಮ್ಮದನ್ನೇ ನುಡಿಸಿದರು.

ಶನಿವಾರ ರಾತ್ರಿ ವೆಸ್ಟ್ ಮಬೂ ಹಾಲಿನಲ್ಲಿ ಚೌಕ ಕುಣಿತ. ಹಬ್ಬವಿರಲಿ ಬಿಡಲಿ ಅಲ್ಲಿ ಪ್ರತಿ ಶನಿವಾರವೂ ಇರುತ್ತದೆ. ಅಜ್ಜಿ, ಮೊಮ್ಮಗ ಎಲ್ಲ ಬರುತ್ತಾರೆ, ಮದ್ಯವಿಲ್ಲ. ಹೆಜ್ಜೆ ಹೇಳಿಕೊಡುವವರೂ ಇಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಗೊತ್ತಿಲ್ಲದವರನ್ನು ತೋಳು ಹಿಡಿದು ದೂಡುತ್ತಾರೆ. ನನ್ನನ್ನೂ ದೂಡಿದರು. ಇಷ್ಟು ಸಾಕು.

ಹಬ್ಬದ ಕೊನೆಗೆ ಸಿಡ್ನಿ ಪಟ್ಟಣಕ್ಕೆ ಬಂದೆವು. ಅಲ್ಲಿನ ಬಂದರಿನಲ್ಲಿ ಸುಮಾರು 60 ಅಡಿ ಎತ್ತರದ ಉಕ್ಕಿನ ಪಿಟೀಲು ನಿಂತಿದೆ. ಡ್ರೈವರ್ ಅಣ್ಣ ಹೆಮ್ಮೆಯಿಂದ ತೋರಿಸಿದರು. ನಾನು ಮೊಬೈಲಿನಲ್ಲಿ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಫೋಟೊ ತೆಗೆದು ತೋರಿಸಿದೆ: ಏಳು ತಂತಿಯ ಪಿಟೀಲು ನುಡಿಸಿದ ಮೈಸೂರು ಚೌಡಯ್ಯನವರ ನೆನಪಿಗೆ, ಪಿಟೀಲಿನ ಆಕಾರದಲ್ಲೇ ಕಟ್ಟಿ 1980ರಲ್ಲಿ ತೆರೆದ ಸಭಾಂಗಣ. “ಇದರೊಳಗೆ ಕೂತು ಕೇಳ್ತೀರಾ?” ಎಂದು ಇಬ್ಬರೂ ಬಾಯಿ ತೆರೆದರು. ಆ ಒಂದು ವಿಷಯದಲ್ಲಿ ನಾವು ಗೆದ್ದೆವು.

ಅಲ್ಲೇ ಒಂದು ಕಾಫಿ ಅಂಗಡಿಯಲ್ಲಿ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕೌಂಟರಿನ ಹುಡುಗಿ ಓಡಿಬಂದಳು. “ಆಂಟಿ, ಕನ್ನಡದೋರೇನ್ರಿ?” ದಾವಣಗೆರೆಯವಳು. ಇಲ್ಲಿನ ಕೇಪ್ ಬ್ರೆಟನ್ ವಿಶ್ವವಿದ್ಯಾಲಯಕ್ಕೆ ಈಚಿನ ವರ್ಷಗಳಲ್ಲಿ ಭಾರತದಿಂದ ಸಾವಿರಾರು ಮಕ್ಕಳು ಬಂದಿದ್ದಾರೆ, ಅವರಲ್ಲೊಬ್ಬಳು. ಹಬ್ಬದ ಒಂದು ಕಛೇರಿಗಾದರೂ ಹೋಗಿದ್ದೀಯಾ ಎಂದೆ. “ಎಲ್ಲೀದ್ ಆಂಟಿ, ಸಂಜೆ ಶಿಫ್ಟ್ ಇರ್ತದ. ಟಿಕೆಟ್‌ನೂ ಭಾಳ ರೊಕ್ಕ” ಎಂದಳು. ವಾಲ್ತಮ್ ಅಕ್ಕ ಮಾತು ಅರ್ಥವಾಗದಿದ್ದರೂ ವಿಷಯ ಊಹಿಸಿ, ಕೊನೆಯ ರಾತ್ರಿಯ ಟಿಕೆಟೊಂದನ್ನು ಅವಳ ಕೈಗಿಟ್ಟರು. ಬಂದಳು, ನಮ್ಮ ಸಾಲಿನಲ್ಲೇ ಕೂತಳು, ಎಲ್ಲ ಕಲಾವಿದರೂ ಒಟ್ಟಿಗೆ ವೇದಿಕೆ ಹತ್ತಿದಾಗ ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆದಳು. ಹಾಲಿನಲ್ಲಿ ತಿರುಗಿ ನೋಡಿದರೆ ಬಹುಪಾಲು ಬಿಳಿಗೂದಲು. ಹೊರಗೆ ಅವರಿಗೆ ಕಾಫಿ ಕೊಡುವವರು, ಟ್ಯಾಕ್ಸಿ ಓಡಿಸುವವರು ನಮ್ಮ ಮಕ್ಕಳು. ಇಷ್ಟೊಂದು ತೆರೆದ ಮನಸ್ಸಿನ ಹಬ್ಬ ಈ ಹೊಸ ದ್ವೀಪವಾಸಿಗಳನ್ನೂ ಒಳಗೆ ಕರೆಯಬೇಕು. ಇದನ್ನು ವ್ಯವಸ್ಥಾಪಕರಿಗೆ ಬರೆದು ತಿಳಿಸಿದ್ದೇನೆ.

ಹೋಗಬೇಕೆನ್ನುವವರಿಗೆ ಒಂದೆರಡು ಮಾತು. ಕೆನಡಾದ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್‌ನ ಎರಡನೇ ಸೋಮವಾರ. ಹಬ್ಬ ಶುರುವಾಗುವುದು ಅದರ ಹಿಂದಿನ ಶುಕ್ರವಾರ. ಚಿಕ್ಕ ಹಾಲುಗಳ ಟಿಕೆಟ್ ಬೇಗ ಖಾಲಿಯಾಗುತ್ತದೆ, ಬೇಸಿಗೆಯಲ್ಲೇ ಕೊಳ್ಳಿ. ಕಾರು ಓಡಿಸುವವರೊಬ್ಬರು ಜೊತೆಗಿದ್ದರೆ ಒಳ್ಳೆಯದು. ರಾತ್ರಿ ರಸ್ತೆಗೆ ಮೂಸ್ ಎಂಬ ದೈತ್ಯ ಜಿಂಕೆ ಅಡ್ಡ ಬರುತ್ತದೆ, ನಿಧಾನ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಬೆಂಗಳೂರಿನಿಂದ ಹೋಗುವುದು ದುಬಾರಿ, ಒಪ್ಪುತ್ತೇನೆ. ಟೊರಾಂಟೊ, ಮಾಂಟ್ರಿಯಲ್, ಬಾಸ್ಟನ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಆ ನೆಪವಿಲ್ಲ. ಪ್ರತಿ ಸಲವೂ ನಯಾಗರಕ್ಕೇ ನೆಂಟರನ್ನು ಕರೆದೊಯ್ಯುವುದನ್ನು ಒಂದು ವರ್ಷ ನಿಲ್ಲಿಸಿ, ಪೂರ್ವಕ್ಕೆ ಕಾರು ತಿರುಗಿಸಿ. ಹಿಂದಿನ ಸೀಟು ಖಾಲಿಯಿದ್ದರೆ ಸಿಡ್ನಿಯ ಯಾವುದಾದರೂ ಕಾಫಿ ಅಂಗಡಿಯ ಮುಂದೆ ನಿಲ್ಲಿಸಿ ಕನ್ನಡದಲ್ಲಿ ಜೋರಾಗಿ ಮಾತಾಡಿ. ಯಾರಾದರೂ ಬಂದೇ ಬರುತ್ತಾರೆ.